ಅವ್ವ ತೊಳೆದಿಟ್ಟ ಲೋಟ

ಬೀಗ ತೆಗೆದು ಎರಡೂ ಕೋಣೆ ತೋರಿಸಿ, ನಲ್ಲಿ ತಿರುವಿ ನೀರು ಬರುವುದನ್ನೂ ತೋರಿಸಿದ ಮೇಲೆ ಬಾಡಿಗೆ ಮನೆಯ ಮಾಲೀಕ ಕೇಳಿದ, "ನೀವು ಯಾವ ಪೈಕಿರಿ ಮೇಡಂ?" ಜಾತಿ ಎಂಬ ಪದವನ್ನು ಬಾಯಿಗೆ ತಾರದೆ ಜಾತಿ ಕೇಳಲು ನಮ್ಮ ಕಡೆ ಇರುವ ಮಾತು ಅದು. "ಎಸ್ಸಿ" ಅಂದೆ. ಆತ ನಲ್ಲಿ ಬಂದ್ ಮಾಡಿ, "ಈ ಮನಿ ನಿನ್ನೇನ ಬುಕ್ ಆಗೈತ್ರಿ" ಅಂದ. ಗಂಗಾವತಿಗೆ ಬಂದ ಮೊದಲ ವಾರ ಹೀಗೆ ನಾಲ್ಕು ಮನೆಗಳು ನಿನ್ನೆಯೇ ಬುಕ್ ಆಗಿದ್ದವು.

ನಮ್ಮೂರು ತಳಕಲ್. ಎರಡು ಬಸ್ಸು ಬದಲಿಸಿದರೆ ಗಂಗಾವತಿ. ಜಿಲ್ಲೆ ಒಂದೇ, ಆದರೂ ನನಗೆ ಪರದೇಶಕ್ಕೆ ಬಂದಂತಾಯಿತು. ನಮ್ಮಲ್ಲಿ ಮಳೆ ನಂಬಿದ ಜೋಳ, ಇಲ್ಲಿ ಕಾಲುವೆ ನಂಬಿದ ಭತ್ತ. ಒಣಗಲು ಹಾಕಿದ ಬಟ್ಟೆಯ ಮೇಲೆ ಅಕ್ಕಿ ಮಿಲ್ಲಿನ ಬೂದಿ. ಕಾಲುವೆ ಬಂದಾಗ ಆಂಧ್ರದ ರೈತರು ಕಟ್ಟಿಕೊಂಡ ಊರುಗಳಿಗೆ ಇಲ್ಲಿ ಕ್ಯಾಂಪ್ ಅನ್ನುತ್ತಾರೆ, ಸಂತೆಯಲ್ಲಿ ಅರ್ಧ ಮಾತು ತೆಲುಗು. ಅನ್ನ ಎಷ್ಟು ಉಂಡರೂ ಹೊಟ್ಟೆ ತುಂಬುತ್ತಿರಲಿಲ್ಲ, ರೊಟ್ಟಿ ಬಡಿಯುವ ಸಪ್ಪಳ ಕೇಳಿದ ಕಡೆ ಕಾಲು ನಿಲ್ಲುತ್ತಿತ್ತು. ತಿಂಗಳೊಳಗೆ ತೆಲುಗಿನಲ್ಲಿ ಬದನೆಕಾಯಿ ಚೌಕಾಶಿ ಮಾಡುವುದನ್ನು ಕಲಿತೆ. ಅಷ್ಟಕ್ಕೇ ಹಿಗ್ಗಿದ್ದೆ.

ಐದನೆಯ ಮನೆ ಶರಣಮ್ಮನವರದು. ಅವರು ಅದೇ ಪ್ರಶ್ನೆ ಕೇಳಿದಾಗ, "ನಾವು ಶಿವನ ಭಕ್ತರ್ರಿ" ಅಂದೆ. ಸುಳ್ಳಲ್ಲ. ಆದರೆ ಅವರು ನಮ್ಮನ್ನು ಲಿಂಗಾಯತರೆಂದು ತಿಳಿದುಕೊಳ್ಳುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಅವ್ವನನ್ನು ಕರೆತಂದು ಜೊತೆಯಲ್ಲಿಟ್ಟುಕೊಳ್ಳಬೇಕು, ಮಂದಿಯ ಹೊಲದಲ್ಲಿ ಬಗ್ಗಿ ಕಸ ತೆಗೆಯುವುದನ್ನು ಬಿಡಿಸಬೇಕು. ನಾನು ಓದಿದ್ದು, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಹಿಡಿದದ್ದು ಅದಕ್ಕೇ. ಅದಕ್ಕೊಂದು ಮನೆ ಬೇಕಿತ್ತು, ಸಿಕ್ಕಿತು.

ಶರಣಮ್ಮನವರ ಮಗಳು ಪವಿತ್ರಾ ಸಂಜೆ ಪಾಠಕ್ಕೆ ಬರುತ್ತಿದ್ದಳು. ಯಾವುದೋ ಪರೀಕ್ಷೆಗೆ ತಾರತಮ್ಯದ ಬಗ್ಗೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಬೇಕಿತ್ತು. ಪದಗಳನ್ನು ಒಂದೊಂದಾಗಿ ಕಲಿಸಿದೆ. ಪ್ರೆಜುಡಿಸ್ ಎಂದರೆ ಮನುಷ್ಯನನ್ನು ಅರಿಯುವ ಮೊದಲೇ ಮಾಡಿಕೊಂಡ ತೀರ್ಮಾನ. ಸ್ಟೀರಿಯೊಟೈಪ್ ಎಂದರೆ ಒಂದು ಜನವನ್ನೆಲ್ಲ ಒಂದೇ ಅಚ್ಚಿಗೆ ಹಾಕಿ ನೋಡುವುದು. ಆ ತೀರ್ಮಾನ ಕೈಗಿಳಿದು ಕೆಲಸ ಮಾಡಿದರೆ ಅದು ಡಿಸ್ಕ್ರಿಮಿನೇಷನ್.

ಉದಾಹರಣೆ ಕೇಳಿದೆ. "ಅಮೆರಿಕಾದಾಗ ಕರಿಯರನ್ನ ಬಸ್ಸಿನ್ಯಾಗ ಹಿಂದ ಕುಂದರಸ್ತಿದ್ರಲ್ರಿ" ಅಂದಳು.

"ನಮ್ಮ ಕಡೀದು ಒಂದು ಹೇಳು."

"ಈಗೆಲ್ಲಿ ಐತ್ರಿ ಮೇಡಂ? ಅಜ್ಜಾರ ಕಾಲದಾಗ ಇತ್ತಂತ."

ನಿನ್ನೆಯೇ ಬುಕ್ ಆದ ನಾಲ್ಕು ಮನೆಗಳ ಕಥೆ ಹೇಳಬಹುದಿತ್ತು. ಮುಂದಿನ ಪದಕ್ಕೆ ಹೋದೆ. ಇಂಗ್ಲಿಷಿನಲ್ಲಿ ಆ ಮಾತಾಡುವುದು ನನಗೆ ಹಿತವಾಗಿತ್ತು. ಕನ್ನಡದಲ್ಲಿ ಆಡಿದರೆ ಅದರೊಳಗೆ ನಮ್ಮ ಓಣಿ ಬರುತ್ತದೆ, ಅವ್ವ ಬರುತ್ತಾಳೆ.

ಅವ್ವ ಬಂದೇ ಬಂದಳು, ಜೋಳದ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡು. ಮರುದಿನ ಶರಣಮ್ಮ ಪ್ರೀತಿಯಿಂದ ಚಹಾಕ್ಕೆ ಕರೆದರು. ಕುರ್ಚಿ ಇದ್ದರೂ ಅವ್ವ ಬಾಗಿಲ ಬಳಿ ನೆಲಕ್ಕೆ ಕುಳಿತಳು. ಇಬ್ಬರೂ ಮೊಣಕಾಲು ನೋವಿನ ಬಗ್ಗೆ ಮಾತಾಡಿ ನಕ್ಕರು. ನನ್ನ ಜೀವ ತಣ್ಣಗಾಗಿತ್ತು. ಅಷ್ಟರಲ್ಲಿ ಅವ್ವ ಎದ್ದು ಅಂಗಳದ ನಲ್ಲಿಗೆ ಹೋದಳು. ಕುಡಿದ ಲೋಟವನ್ನು ತಾನೇ ತೊಳೆದು, ಕಾಂಪೌಂಡ್ ಗೋಡೆಯ ಮೇಲೆ ಬೋರಲು ಹಾಕಿದಳು. ಅವ್ವ ಕೂಲಿಗೆ ಹೋಗುವ ಮನೆಗಳಲ್ಲಿ ನಮ್ಮವರಿಗೆ ಬೇರೆ ಲೋಟ ಇರುತ್ತದೆ. ಕುಡಿದವರೇ ತೊಳೆದು ಹೊರಗಿನ ಗೋಡೆಯ ಮೇಲೆ ಇಡಬೇಕು.

ಶರಣಮ್ಮ ಲೋಟ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಇರ್ಲಿ ಬಿಡ್ರಿ, ನಾವ ತೊಳೀತಿದ್ವಿ" ಅಂದರು. ದನಿ ಮೆತ್ತಗೇ ಇತ್ತು. ಎರಡು ದಿನ ಕಳೆದರೂ ಆ ಲೋಟವನ್ನು ಯಾರೂ ಒಳಗೆ ಒಯ್ಯಲಿಲ್ಲ. ಮೂರನೆಯ ದಿನ ಅವರೇ ಬಂದರು. "ನಮ್ಮ ತಮ್ಮ ವರ್ಗ ಆಗಿ ಬರಾಕತ್ತಾನ್ರಿ. ಮನಿ ಬೇಕಾಗೈತಿ, ತಪ್ಪು ತಿಳ್ಕೋಬ್ಯಾಡ್ರಿ."

"ಆಯ್ತ್ರಿ" ಅಂದೆ. ಕಲಿಸಿದ ಒಂದು ಪದವೂ ಬಾಯಿಗೆ ಬರಲಿಲ್ಲ. ಒಳಗೆ ಬಂದು ಬಾಗಿಲು ಹಾಕಿ ಅವ್ವನ ಮೇಲೆ ಹರಿಹಾಯ್ದೆ. "ಲೋಟ ತೊಳಿ ಅಂತ ಯಾರ್ ಹೇಳಿದ್ರು ನಿನಗ?"

ಅವ್ವ ತನ್ನ ಕೈಗಳನ್ನೇ ನೋಡಿಕೊಂಡಳು. "ತೊಳೀದಿದ್ರ ಬೈತಾರಂತ ತೊಳದೆ ಯವ್ವಾ. ಕೈಗೆ ರೂಢಿ ಆಗೈತಿ."

ಹೊರಗಿನವರ ಮುಂದೆ ಏಳದ ದನಿ ಹೆತ್ತವಳ ಮೇಲೆ ಎಷ್ಟು ಜೋರಾಗಿ ಎದ್ದಿತು ಎಂಬುದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಕೆಯಾಗುತ್ತದೆ. ಅವ್ವ ಮರುದಿನ ಬೆಳಗಿನ ಬಸ್ಸಿಗೇ ಊರಿಗೆ ಹೋದಳು.

ಮನೆ ಬಿಡುವ ಮುನ್ನಾದಿನ ಪವಿತ್ರಾ ಪ್ರಬಂಧ ಬರೆದ ವಹಿ ತಂದಳು. ಪದಗಳೆಲ್ಲ ಸರಿಯಾದ ಜಾಗದಲ್ಲಿದ್ದವು. ತಿದ್ದಲು ಏನೂ ಸಿಗಲಿಲ್ಲ. ವಹಿ ವಾಪಸ್ ಕೊಟ್ಟಾಗ ಆಕೆ ತಲೆ ಎತ್ತದೆ, "ನಮ್ಮವ್ವಗ ತಮ್ಮ ಇಲ್ರಿ ಮೇಡಂ" ಅಂದಳು. ವಹಿ ಎದೆಗವಚಿಕೊಂಡು ಹೋದಳು.

ಈಗ ಊರಾಚೆ ಕ್ಯಾಂಪಿನ ರಸ್ತೆಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಇಲ್ಲಿಯೂ ಅದೇ ಪ್ರಶ್ನೆ ಬಂತು, ಅದೇ ಶಿವಭಕ್ತಿಯ ಉತ್ತರ ಕೊಟ್ಟೆ. ಹಬ್ಬಕ್ಕೆ ತಳಕಲ್ಲಿಗೆ ಹೋದರೆ ನಮ್ಮ ಓಣಿಯವರು "ಗಂಗಾವತಿ ಮೇಡಂ ಬಂದ್ರು" ಎಂದು ಚಾಪೆ ಹುಡುಕುತ್ತಾರೆ. ಗಂಗಾವತಿಯಲ್ಲಿ ನಾನು ಯಾರೆಂದು ಹೇಳಿಕೊಂಡಿದ್ದೇನೆ ಎಂಬುದು ಓಣಿಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಅವ್ವ ಇನ್ನೂ ಮಂದಿಯ ಹೊಲಕ್ಕೇ ಹೋಗುತ್ತಾಳೆ. ಹೋದ ಸಲ ಬಾ ಎಂದು ಕರೆದೆ.

"ನಾ ಬಂದ್ರ ನಿನಗ ಮನಿ ಉಳಿಯಂಗಿಲ್ಲ" ಅಂದಳು. ಆಮೇಲೆ ಕೇಳಿದಳು, "ಹೊಸ ಮನಿಯವರು ಛಲೋ ಅದಾರಾ?"

"ಅದಾರ ಬೇ ಯವ್ವಾ."

"ಹಂಗಾದ್ರ ಅವರ ಮುಂದ ನನ್ನ ಸುದ್ದಿ ತಗೀಬ್ಯಾಡ."

ತೆಗೆದಿಲ್ಲ. ಆಕೆ ಹೇಳುವ ಮೊದಲೂ ತೆಗೆದಿರಲಿಲ್ಲ.