ಎರಡು ಗೆರೆ ಜಾಗ

ನಾನು ಸ್ಟಾಫ್ ನರ್ಸ್ ಅಲ್ಲ. ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಹನ್ನೊಂದು ವರ್ಷ ಇದನ್ನ ಬಾಯಿಬಿಟ್ಟು ಹೇಳೋಕೆ ನನಗೆ ಬಿಟ್ಟಿರಲಿಲ್ಲ. ನಾನು ಓದಿರೋದು ಎಎನ್ಎಂ, ಎರಡು ವರ್ಷದ ಕೋರ್ಸು. ಬಸುರಿ, ಬಾಣಂತಿ, ಮಗು, ಲಸಿಕೆ, ಬಿಪಿ ನೋಡೋದು, ಗಾಯ ಕಟ್ಟೋದು, ತೋಳಿಗೋ ಸೊಂಟಕ್ಕೋ ಸೂಜಿ ಹಾಕೋದು, ಎಲ್ಲಾ ಕಲಿಸಿದ್ರು. ರಕ್ತನಾಳಕ್ಕೆ ನೇರವಾಗಿ ಔಷಧಿ ಬಿಡೋದು ನಿಮ್ಮ ಕೆಲಸ ಅಲ್ಲ ಅಂತಾನೂ ಕಲಿಸಿದ್ರು. ಅದಕ್ಕೆ ನಮಗಿಂತ ಹೆಚ್ಚು ಓದಿದ ಸ್ಟಾಫ್ ನರ್ಸ್ ಬೇಕು, ಕೂಗಿದ್ರೆ ಓಡಿಬರೋ ದೂರದಲ್ಲಿ ಡಾಕ್ಟ್ರು ಬೇಕು.

ಸೂಲಿಬೆಲೆ ಕಡೆ ಹೋಗೋ ರಸ್ತೇಲಿ ಹತ್ತು ಹಾಸಿಗೆಯ ನರ್ಸಿಂಗ್ ಹೋಮ್ ನಮ್ಮದು. ನಮ್ಮದು ಅಂದ್ರೆ ಡಾಕ್ಟ್ರದ್ದು. ಅಲ್ಲಿ ಬಿಳಿ ಬಟ್ಟೆ ತೊಟ್ಟೋರೆಲ್ಲ ಸಿಸ್ಟರೇ. ನಿಜವಾದ ಸ್ಟಾಫ್ ನರ್ಸ್ ಅಂತ ಒಬ್ಬರಿದ್ರು. ಹೆರಿಗೆ ರಜೆಗೆ ಹೋದೋರು ದೇವನಹಳ್ಳಿ ಕಡೆ ದೊಡ್ಡ ಆಸ್ಪತ್ರೆ ಸೇರ್ಕೊಂಡ್ಬಿಟ್ರು. ಅವರ ಕೆಲಸ ಪೂರ್ತಿ ನನ್ನ ತಲೆ ಮೇಲೆ ಬಿತ್ತು. "ಅವರು ಮಾಡೋದು ನೋಡಿದ್ದೀಯಲ್ಲ, ಮಾಡು" ಅಂದ್ರು ಡಾಕ್ಟ್ರು. ಬಸ್ ಓಡಿಸೋದನ್ನ ನಾನು ದಿನಾ ನೋಡ್ತೀನಿ, ಹಂಗಂತ ಸ್ಟೇರಿಂಗ್ ಹಿಡಿಯೋಕಾಗುತ್ತಾ? ಆಗ ಇದು ಹೊಳೀಲಿಲ್ಲ. ಹೂಂ ಸಾರ್ ಅಂದೆ.

ನಮ್ಮಲ್ಲೊಂದು ಪದ್ಧತಿ ಇತ್ತು. ಡಾಕ್ಟ್ರು ಬೆಳಿಗ್ಗೆ ಒಂದು ಸುತ್ತು ಹಾಕಿ ಬೆಂಗಳೂರಿನ ಕ್ಲಿನಿಕ್‌ಗೆ ಹೊರಟುಬಿಡೋರು. ಆಮೇಲೆಲ್ಲಾ ಫೋನೇ. ಅವರು ಹೇಳೋದು, ನಾನು ಕೊಡೋದು. ಕೇಸ್ ಶೀಟಲ್ಲಿ ಮೇಲೆ ಎರಡು ಗೆರೆ ಖಾಲಿ ಬಿಟ್ಟು, ಕೆಳಗೆ 'ಕೊಡಲಾಗಿದೆ' ಅಂತ ಬರೆದು ನಾನು ಸಹಿ ಹಾಕ್ಬೇಕು. ಸಂಜೆ ಅವರು ಬಂದು ಆ ಖಾಲಿ ಜಾಗದಲ್ಲಿ ತಮ್ಮ ಆರ್ಡರ್ ಬರೆಯೋರು. ಮುಂದೆ ಯಾರು ನೋಡಿದ್ರೂ ಡಾಕ್ಟ್ರು ಮೊದಲು ಬರೆದಂಗೆ, ನಾನು ಆಮೇಲೆ ಕೊಟ್ಟಂಗೆ ಕಾಣ್ಬೇಕು. "ಜಾಗ ಬಿಟ್ಟಿದ್ದೀಯೇನಮ್ಮಾ?" ಅಂತ ಕೇಳೋರು. ಬಿಟ್ಟಿದ್ದೀನಿ ಸಾರ್ ಅಂತಿದ್ದೆ, ಅದೇನೋ ಜಾಣತನ ಅನ್ನೋ ಹಾಗೆ. ಎಂಥ ಪೆದ್ದಿ ನಾನು!

ಒಂದ್ಸಲ ಹಾಲಿನ ವ್ಯಾನ್ ಓಡಿಸೋ ಒಬ್ಬರು ಜ್ವರ ಅಂತ ಸೇರಿದ್ರು. ಡಾಕ್ಟ್ರು ಫೋನಲ್ಲಿ ಒಂದು ಇಂಜೆಕ್ಷನ್ ಹೆಸರು ಹೇಳಿ, ಕೈಯಲ್ಲಿರೋ ಡ್ರಿಪ್ ಸೂಜಿಗೇ ಕೊಟ್ಬಿಡು ಅಂದ್ರು. ಕೊಟ್ಟೆ. ಸಿರಿಂಜ್ ಇನ್ನೂ ನನ್ನ ಕೈಯಲ್ಲೇ ಇತ್ತು, ಆ ಮನುಷ್ಯನ ಮುಖ ಊದಿಕೊಳ್ತು, ತುಟಿ ದಪ್ಪ ಆಯ್ತು, ಉಸಿರಾಡೋಕೆ ಒದ್ದಾಡಿದ್ರು. ಅವತ್ತು ಪುಣ್ಯಕ್ಕೆ ಡಾಕ್ಟ್ರು ಇನ್ನೂ ಹೊಸಕೋಟೆ ದಾಟಿರಲಿಲ್ಲ. ವಾಪಸ್ ಬಂದು ಉಳಿಸಿದ್ರು. ಸಂಜೆ ನೋಡಿದ್ರೆ, ನಾನು ಬಿಟ್ಟಿದ್ದ ಎರಡು ಗೆರೆಯಲ್ಲಿ ಅವರ ಕೈಬರಹ: 'ಮೊದಲು ಟೆಸ್ಟ್ ಡೋಸ್ ಕೊಟ್ಟು ನೋಡುವಂತೆ ಸಿಸ್ಟರ್‌ಗೆ ಹೇಳಿರುತ್ತೇನೆ.' ಅದರ ಕೆಳಗೆ ನನ್ನ ಸಹಿ. ಹೇಳಿರಲಿಲ್ಲ, ದೇವರಾಣೆ ಹೇಳಿರಲಿಲ್ಲ. ಆ ಮನುಷ್ಯನ ಹೆಂಡತಿ ಮುಂದೆ ಕೈ ಮುಗಿದು ತಪ್ಪಾಯ್ತಮ್ಮಾ ಅಂದಿದ್ದು ನಾನು. ಮನೆಗೆ ಹೋಗಿ ಅತ್ತಿದ್ದೂ ನಾನೇ. ನಾನೇ ಖಾಲಿ ಬಿಟ್ಟುಕೊಟ್ಟ ಜಾಗದಲ್ಲಿ ನನ್ನನ್ನೇ ಹೂತಿದ್ರು.

ಹೋದ ವರ್ಷ ನಂದಗುಡಿ ಕಡೆಯಿಂದ ಏಳು ತಿಂಗಳ ಬಸುರಿ ಬಂದ್ಲು, ಜೊತೇಲಿ ಅವಳ ಅತ್ತೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದಿದ್ರು, ಸಂಜೆ ಹಸು ಕರೆಯೋ ಹೊತ್ತಿಗೆ ವಾಪಸ್ ಹೋಗ್ಬೇಕಿತ್ತು. ಹುಡುಗಿಗೆ ರಕ್ತ ತೀರಾ ಕಮ್ಮಿ, ಉಗುರೆಲ್ಲ ಬೆಳ್ಳಗಾಗಿತ್ತು, ನಾಲ್ಕು ಮೆಟ್ಟಿಲು ಹತ್ತೋಕೆ ಏದುಸಿರು. ಅವಳಿಗೆ ಐರನ್ ಡ್ರಿಪ್ ಹಾಕ್ಬೇಕು ಅಂತ ಡಾಕ್ಟ್ರು ಮುಂಚೇನೇ ಹೇಳಿದ್ರು. ಔಷಧಿ ಬೆರೆಸಿದ್ರೆ ಬಾಟ್ಲಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತೆ, ಅದು.

ಫೋನ್ ಮಾಡಿದೆ. "ಶುರು ಮಾಡು, ನಾನು ಬರೋದು ಮಧ್ಯಾಹ್ನ ಎರಡು ಗಂಟೆ ಮೇಲಾಗುತ್ತೆ" ಅಂದ್ರು.

"ನೀವಿಲ್ದೇ ಹಾಕಲ್ಲ ಸಾರ್."

"ಏನಂದೆ?"

"ಹಾಕಲ್ಲ ಅಂದೆ. ನಂಗೆ ಅದನ್ನ ಕಲಿಸಿಲ್ಲ, ನಾನು ಹಾಕೋ ಹಾಗೂ ಇಲ್ಲ."

"ಹಂಗಾದ್ರೆ ಕೋಟು ಬಿಚ್ಚಿಟ್ಟು ಮನೆಗೆ ಹೋಗು" ಅಂದ್ರು.

"ಹೋಗಲ್ಲ ಸಾರ್. ನಾನು ಹೋದ್ರೆ ಆಯಾ ಕೈಲಿ ಹಾಕಿಸ್ತೀರಾ." ಫೋನ್ ಇಟ್ಬಿಟ್ಟೆ.

ಅತ್ತೆ ಎಲ್ಲಾ ಕೇಳಿಸ್ಕೊಂಡಿದ್ರು. "ಏನಮ್ಮಾ, ಸಿಸ್ಟ್ರು ಅಂತ ನಿಂತಿದ್ದೀಯ, ಒಂದು ಬಾಟ್ಲು ಹಾಕೋಕಾಗಲ್ವಾ? ಬಟ್ಟೆ ಮಾತ್ರ ಬೆಳ್ಳಗಾ?" ಅಂತ ವಾರ್ಡಿಗೆಲ್ಲ ಕೇಳೋ ಹಾಗೆ ಎಗರಾಡಿದ್ರು.

"ಹೂಂ ಕಣಮ್ಮಾ, ಬಟ್ಟೆ ಮಾತ್ರ" ಅಂದೆ ನಾನೂ ಅಷ್ಟೇ ಜೋರಾಗಿ. "ನಾನು ಸ್ಟಾಫ್ ನರ್ಸ್ ಅಲ್ಲ. ಇಲ್ಲಿ ಸ್ಟಾಫ್ ನರ್ಸ್ ಇಲ್ಲ."

ಹತ್ತು ಹಾಸಿಗೆಯೂ ನನ್ನ ಕಡೆ ತಿರುಗ್ತು. ಬಸುರಿ ಹುಡುಗಿ ಮಾತ್ರ ಮೆತ್ತಗೆ ಕೇಳಿದ್ಲು: "ಅದ್ರಿಂದ ಏನಾದ್ರೂ ಆಗುತ್ತಾ ಅಕ್ಕಾ?"

"ಸಾಮಾನ್ಯವಾಗಿ ಏನೂ ಆಗಲ್ಲಮ್ಮ. ಯಾರಿಗೋ ಒಬ್ಬರಿಗೆ ಬಿಪಿ ಬಿದ್ದು ಉಸಿರು ಕಟ್ಟುತ್ತೆ. ಹಂಗಾದ್ರೆ ನಿನ್ನನ್ನೂ ಮಗೂನೂ ಉಳಿಸೋದು ನಂಗೆ ಬರಲ್ಲ."

ಅವಳು ಹೊಟ್ಟೆ ಮೇಲೆ ಕೈ ಇಟ್ಕೊಂಡು, "ಕಾಯೋಣ ಬಿಡಿ ಅತ್ತೆ" ಅಂದ್ಲು. ಅತ್ತೆ ಮುಖ ಊದಿಸ್ಕೊಂಡು ಬೆಂಚಿನ ಮೇಲೆ ಕೂತ್ರು. ನಾನು ಕೇಸ್ ಶೀಟ್ ತಗೊಂಡು ಮೊದಲನೇ ಗೆರೆಯಿಂದಲೇ ಬರೆದೆ: 'ಐರನ್ ಡ್ರಿಪ್ ಹಾಕಲು ಫೋನಿನಲ್ಲಿ ಹೇಳಿದರು. ಡಾಕ್ಟರ್ ಇಲ್ಲದ ಕಾರಣ ಹಾಕಿಲ್ಲ. ನಾನು ಎಎನ್ಎಂ.' ಟೈಮು ಹಾಕಿ ಸಹಿ ಮಾಡಿದೆ. ಆಮೇಲೆ ಅರ್ಧ ಗಂಟೆಗೊಂದ್ಸಲ ಅವಳ ಬಿಪಿ ನೋಡಿದೆ, ಎಳನೀರು ತರಿಸಿ ಕುಡಿಸಿದೆ. ಅದು ನನ್ನ ಕೆಲಸ, ಅದನ್ನ ನಾನು ಚೆನ್ನಾಗೇ ಮಾಡ್ತೀನಿ.

ಎರಡೂಕಾಲಿಗೆ ಡಾಕ್ಟ್ರು ಬಂದ್ರು. ನನ್ನ ಮುಖ ನೋಡ್ಲಿಲ್ಲ. ತಾವೇ ಸೂಜಿ ಚುಚ್ಚಿ, ಡ್ರಿಪ್ ಹಾಕಿ, ಮುಗಿಯೋವರೆಗೂ ಮಂಚದ ಪಕ್ಕ ನಿಂತ್ರು. ಹುಡುಗಿಗೆ ಏನೂ ಆಗ್ಲಿಲ್ಲ. ಒಂದು ಕೆಮ್ಮು ಕೂಡ ಬರ್ಲಿಲ್ಲ.

"ಇಷ್ಟಕ್ಕೆ ಇಷ್ಟೊಂದು ರಂಪಾಟನಾ?" ಅಂದ್ರು ಅತ್ತೆ. ಡಾಕ್ಟ್ರೂ ನಕ್ಕು, "ನೋಡಿದ್ಯಾ, ಏನಾಯ್ತು?" ಅಂದ್ರು.

"ನೀವು ಪಕ್ಕದಲ್ಲಿ ನಿಂತಿದ್ರಿ ಸಾರ್. ನಾನು ಕೇಳಿದ್ದು ಅಷ್ಟೇ ತಾನೇ?"

ನಗು ನಿಲ್ತು. ಜೇಬಿಂದ ಪೆನ್ನು ತೆಗೆದು ಕೇಸ್ ಶೀಟ್ ನೋಡಿದ್ರು, ಹಾಳೆ ತಿರುಗಿಸಿದ್ರು, ಮತ್ತೆ ಈ ಕಡೆ ತಿರುಗಿಸಿದ್ರು. "ಜಾಗ ಎಲ್ಲಿ?"

"ಬಿಟ್ಟಿಲ್ಲ ಸಾರ್. ನಂದರ ಕೆಳಗೆ ಬರೀರಿ. ಟೈಮು ಹಾಕಿ."

ಬರೆದ್ರು. ಹನ್ನೊಂದು ವರ್ಷದಲ್ಲಿ ಮೊದಲನೇ ಸಲ ಅವರ ಸಹಿ ನನ್ನ ಸಹಿಯ ಕೆಳಗೆ ಬಂತು. ಪೆನ್ನಿನ ಕ್ಯಾಪ್ ಮುಚ್ಚಿ, "ನಾಳೆಯಿಂದ ಕೆಲಸಕ್ಕೆ ಬರಬೇಡ" ಅಂದ್ರು.

"ಯಾಕೆ ಅಂತ ಒಂದು ಹಾಳೇಲಿ ಬರೆದು ಸಹಿ ಹಾಕಿಕೊಡಿ ಸಾರ್, ಬರಲ್ಲ" ಅಂದೆ.

ಅವರು ರೂಮಿಗೆ ಹೋದ್ರು. ಸಂಜೆವರೆಗೂ ಕಾದೆ, ಹಾಳೆ ಬರ್ಲಿಲ್ಲ. ಮಾರನೇ ದಿನ ಎಂಟು ಗಂಟೆಗೆ ಕೋಟು ಹಾಕ್ಕೊಂಡು ಡ್ಯೂಟಿಗೆ ಹೋದೆ.