ಟೈಲರಮ್ಮ ಬಿಡದ ಮೂರಡಿ

ನಮ್ಮ ಬೀದಿಯ ಟೈಲರಮ್ಮನ ಮನೆಗೆ ಬೆಳಿಗ್ಗೆ ಹನ್ನೊಂದು ಗಂಟೆಯ ಮೇಲೆ ಹೋಗುವವರು ಗೇಟಿನ ಚಿಲಕವನ್ನು ಎರಡೂ ಕೈಯಲ್ಲಿ ಹಿಡಿದು, ಸದ್ದಾಗದಂತೆ ಎತ್ತುತ್ತಾರೆ. ಒಳಗೆ ಮಗಳು ಮಲಗಿರುತ್ತಾಳೆ. ಅವಳು ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಪಾಳಿ ಮುಗಿಸಿ ಬಂದು, ಸ್ನಾನ ಮಾಡಿ, ಎರಡು ತುತ್ತು ತಿಂದು, ನಡುಮನೆಯ ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಏಳುವುದು ನಾಲ್ಕಕ್ಕೆ. ಅವಳ ಕಾಲಿನಿಂದ ಆರಡಿ ದೂರದಲ್ಲಿ ಅಮ್ಮನ ಹೊಲಿಗೆ ಮಿಷನ್ನು.

ಇನ್ನೊಂದು ಕೋಣೆ ಇಲ್ಲವೆಂದಲ್ಲ. ಅದರಲ್ಲಿ ಟೈಲರಮ್ಮನ ಯಜಮಾನರು, ಅವರ ಮಂಚ, ಟಿ.ವಿ. ಮೂವತ್ತು ವರ್ಷ ಲಾರಿ ಓಡಿಸಿ, ಕಿವಿಯನ್ನು ಇಂಜಿನ್ನಿಗೇ ಬಿಟ್ಟು ಬಂದವರು. ಸೊಂಟ ಹಿಡಿದ ಮೇಲೆ ಮನೆ ಬಿಟ್ಟು ಹೋಗುವುದು ಕಡಿಮೆ. ತಮಗೆ ಕೇಳಿಸದ ಕಾರಣ ಟಿ.ವಿ.ಯನ್ನೂ ತಮ್ಮ ಮಾತನ್ನೂ ಬೀದಿಗೆಲ್ಲ ಹಂಚುತ್ತಾರೆ. ಮಗಳು ಅಲ್ಲಿ ಮಲಗಲಾರಳು, ಮಿಷನ್ನಿಗೆ ಅಲ್ಲಿ ಜಾಗವಿಲ್ಲ.

ಹೀಗಾಗಿ ಹನ್ನೊಂದರಿಂದ ನಾಲ್ಕರವರೆಗೆ ಟೈಲರಮ್ಮನದು ಬರೀ ಕೈಹೊಲಿಗೆ. ಕೊಕ್ಕೆ, ಗುಂಡಿ, ಅಂಚು. ಅದೂ ಮುಗಿದರೆ ಹಳೆಯ ಬಟ್ಟೆಯ ಹೊಲಿಗೆ ಬಿಚ್ಚುತ್ತ ಕೂರುತ್ತಾರೆ. ನಾನು ಎದುರುಮನೆಯವಳು. ಬಿಡುವಾದಾಗ ಹೋಗಿ ಪಕ್ಕದಲ್ಲಿ ಕೂತು ನಾಲ್ಕು ಗುಂಡಿ ಹಾಕಿಕೊಡುತ್ತೇನೆ. ಪಿಸುಮಾತಿನಲ್ಲಿ ಅವರು ಹೇಳುತ್ತಾರೆ, ನಾನು ಕೇಳುತ್ತೇನೆ.

"ಹಗಲು ಮಗಳ ನಿದ್ದೆ, ರಾತ್ರಿ ಪಕ್ಕದ ಮನೆಯವರ ನಿದ್ದೆ. ನಾನು ಯಾವಾಗ ಮಿಷನ್ ತುಳೀಲಿ ಅಕ್ಕಾ? ನಾಲ್ಕು ಗಂಟೆಗೆ ಕೂತರೆ ಅಷ್ಟರಲ್ಲಿ ಅಡುಗೆ, ಅವಳ ಡಬ್ಬಿ. ಇನ್ನು ಯಜಮಾನರಿಗಂತೂ ಒಂದು ಮಾತನ್ನ ಮೂರು ಸಲ ಹೇಳಬೇಕು. ಹಂಗೆ ಹೇಳೋದರಲ್ಲೇ ಒಂದು ರವಿಕೆ ಆಗ್ತಿತ್ತು."

ಟೈಲರಮ್ಮ ಎಷ್ಟು ಜೋಪಾನ ಮಾಡಿದರೂ ಮಗಳ ನಿದ್ದೆ ತುಂಡು ತುಂಡೇ. ಒಮ್ಮೆ ಪಾಳಿಯಲ್ಲಿ ಇಬ್ಬರು ರೋಗಿಗಳ ಔಷಧಿ ಅದಲುಬದಲಾಗುವುದರಲ್ಲಿತ್ತು. ಹಿರಿಯ ನರ್ಸು ನೋಡಿ ಕೈ ಹಿಡಿದರಂತೆ. ಅವತ್ತು ಬಂದವಳೇ ಹೇಳಿದಳು, "ಅಮ್ಮಾ, ಹಾಸ್ಟೆಲ್‌ನಲ್ಲಿ ಒಂದು ಮಂಚ ಖಾಲಿ ಇದೆ. ಒಂದನೇ ತಾರೀಖಿನೊಳಗೆ ಹೇಳಬೇಕು. ನನ್ನಿಂದ ಯಾರದಾದರೂ ಜೀವ ಹೋಗೋದು ಬೇಡ."

ಮಗಳು ಮನೆಯಲ್ಲಿ ಉಳಿಯಬೇಕಾದರೆ ಮಹಡಿಯ ಮೇಲೊಂದು ಕೋಣೆ ಬೇಕು. ಯಜಮಾನರು ಕೆಲಸ ಬಿಟ್ಟಾಗ ಬಂದ ಮೂರೂವರೆ ಲಕ್ಷ ಬ್ಯಾಂಕಿನಲ್ಲಿತ್ತು. ನಕ್ಷೆ ಬರೆಯುವ ಇಂಜಿನಿಯರನ್ನು ಕರೆಸಿದರು.

ಚಿಕ್ಕ ವಯಸ್ಸಿನ ಮನುಷ್ಯ. ಹಳೆಯ ಮಂಜೂರಾದ ನಕ್ಷೆ ಕೇಳಿ, ಟೇಪು ಹಿಡಿದು ಮನೆಯನ್ನು ಒಂದು ಸುತ್ತು ಅಳೆದ. ಮತ್ತೆ ಅಳೆದ. ಆಮೇಲೆ ನಕ್ಷೆಯನ್ನೊಮ್ಮೆ, ಟೈಲರಮ್ಮನನ್ನೊಮ್ಮೆ ನೋಡಿದ.

"ಅಮ್ಮಾ, ಕಾಗದದಲ್ಲಿ ಇರೋ ಮನೆ ಬೇರೆ, ನೀವು ಇರೋ ಮನೆ ಬೇರೆ. ನಿವೇಶನ ಇಪ್ಪತ್ತಡಿ ಅಗಲ. ಮನೆ ಹದಿನೇಳಡಿ ಇರಬೇಕು, ಪಕ್ಕದಲ್ಲಿ ಮೂರಡಿ ಖಾಲಿ ಬಿಡಬೇಕು. ನೀವು ಪೂರಾ ನುಂಗಿಬಿಟ್ಟಿದ್ದೀರಿ."

"ದಂಡ ಕಟ್ಟಿದರೆ ಆಗಲ್ವಾ ಸರ್?"

"ಅಂಗುಲದ ಲೆಕ್ಕದಲ್ಲಿ ತಪ್ಪಿದ್ದರೆ ಕಟ್ಟಬಹುದಿತ್ತು. ಮೂರಡಿಗೆ ದಂಡ ಇಲ್ಲ, ಒಡೆಯೋದೇ. ಕೆಳಗಿನ ಮನೆ ನಕ್ಷೆಗೆ ಸರಿಬರದೆ ಮೇಲಿನ ಕೋಣೆಗೆ ಅನುಮತಿ ಕೊಡಲ್ಲ." ಅವನು ಲೆಕ್ಕ ಹೇಳುತ್ತಾ ಹೋದ. ಹನ್ನೆರಡಕ್ಕೆ ಹತ್ತರ ಕೋಣೆ, ಚದರಡಿಗೆ ಎರಡೂವರೆ ಸಾವಿರ, ಮೂರು ಲಕ್ಷ. ಮೆಟ್ಟಿಲು ಬೇರೆ. ಗೋಡೆ ಒಡೆದು ಒಳಗೆ ಕಟ್ಟಲು ಒಂದೂವರೆ. ನಕ್ಷೆಯ ಶುಲ್ಕ, ಪರವಾನಗಿ ಶುಲ್ಕ, ರಸ್ತೆಯ ಮೇಲೆ ಜಲ್ಲಿ ಹಾಕಲು ಇನ್ನೊಂದು ಶುಲ್ಕ. "ಅನುಮತಿ ಸಿಗೋಕೆ ನಾಲ್ಕೈದು ತಿಂಗಳು."

ಕೋಣೆಯ ಬಾಗಿಲಲ್ಲಿ ನಿಂತ ಯಜಮಾನರಿಗೆ ಇದನ್ನೆಲ್ಲ ಇಂಜಿನಿಯರು ಕೂಗಿ ಹೇಳಬೇಕಾಯಿತು. ಮಗಳು ಮಗ್ಗುಲು ಬದಲಾಯಿಸಿದಳು. ಅವರು ಅದಕ್ಕಿಂತ ಜೋರಾಗಿ ಅಂದರು, "ನಾನು ಅವತ್ತೇ ಹೇಳಿದ್ದೆ! ಮನೆ ಕಟ್ಟಿದ ಆ ಮೇಸ್ತ್ರಿಗೆ ಟೇಪು ಹಿಡಿಯೋಕೆ ಬರಲ್ಲ ಅಂತ!"

ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದರು. ದಾರ ಹೋಗಲಿಲ್ಲ.

ಇಂಜಿನಿಯರು ನಡುಮನೆಯಲ್ಲಿದ್ದ ಎರಡು ಚೌಕದ ಕಂಬಗಳನ್ನು ತಟ್ಟಿ ನೋಡಿದ. ಹೊರಗೋಡೆಯಿಂದ ಸರಿಯಾಗಿ ಮೂರಡಿ ಒಳಗೆ ನಿಂತಿದ್ದವು. ಕಂಬಕ್ಕೂ ಗೋಡೆಗೂ ನಡುವಿನ ಓಣಿಯಂಥ ಜಾಗದಲ್ಲೇ ಮಿಷನ್ನು, ಕತ್ತರಿಸುವ ಮೇಜು, ಬಟ್ಟೆಯ ಕಪಾಟು. "ಈ ಕಂಬಗಳ ಕೆಳಗೆ ಪಾಯ ಇದೆಯೋ, ಸುಮ್ಮನೆ ನಿಲ್ಲಿಸಿದ್ದೋ? ಸೂರು ಕೂತಿರೋದು ಇದರ ಮೇಲೋ, ಹೊರಗೋಡೆ ಮೇಲೋ? ಅಗೆದು ನೋಡಬೇಕು, ಇಲ್ಲ ಕಟ್ಟಿದವರೇ ಹೇಳಬೇಕು. ಹೊರಗೋಡೆ ಮೇಲಿದ್ದರೆ ಒಡೆಯೋದನ್ನೇ ಮರೆತುಬಿಡಿ."

"ಕರೀರಿ ಅವನನ್ನ!" ಅಂದರು ಯಜಮಾನರು. "ನನ್ನ ಸ್ಕೂಟರ್ ನಿಲ್ಲಿಸೋ ಜಾಗಾನೂ ತಿಂದ, ಈಗ ಮಗಳ ಕೋಣೇನೂ ತಿಂದ."

ಅವತ್ತು ಸಂಜೆ ಟೈಲರಮ್ಮ ನನ್ನ ಮನೆಗೆ ಬಂದರು. ದೇವರ ಮುಂದೆ ದೀಪವಿಟ್ಟು ಏಳುತ್ತಿದ್ದೆ. ಅಲ್ಲೇ ನೆಲದ ಮೇಲೆ ಕೂತು, ಹದಿನೆಂಟು ವರ್ಷದಿಂದ ಒಳಗಿಟ್ಟುಕೊಂಡಿದ್ದನ್ನು ಹೇಳಿದರು.

ಮನೆ ಕಟ್ಟುವಾಗ ಯಜಮಾನರು ದೂರದ ಊರುಗಳಿಗೆ ಲಾರಿಯಲ್ಲಿ ಹೋಗಿದ್ದರು. ಮೇಸ್ತ್ರಿ ನಕ್ಷೆಯಂತೆ ದಾರ ಹಿಡಿದು, ಪಾಯ ತೋಡಿ, ಕಂಬ ಎಬ್ಬಿಸಿದ್ದ. ಇವರು ನೋಡಿದರು. ಆಚೆ ಮೂರಡಿ ಉದ್ದಕ್ಕೂ ಖಾಲಿ ಬಿದ್ದಿತ್ತು. "ಅಕ್ಕಾ, ನನ್ನ ಕಸುಬಿನ ಬುದ್ಧಿ ನಿಮಗೆ ಗೊತ್ತಲ್ಲ. ನಾಳೆ ಬಿಚ್ಚಿ ದೊಡ್ಡದು ಮಾಡೋಕೆ ಅಂತ ನಾವು ಬಟ್ಟೆ ಬಿಡೋದು ಒಳಗಡೆ. ಹೊರಗಡೆ ಬಿಟ್ಟ ಬಟ್ಟೆ ಕಸ. ಮನೇನೂ ಹಂಗೇ ಅಂದ್ಕೊಂಡೆ. ಒಳಗೆ ಅಗಲ ಇದ್ದರೆ ಮುಂದೆ ಒಂದು ಅಡ್ಡಗೋಡೆ ಹಾಕಿ ಕೋಣೆ ಮಾಡ್ಕೊಬಹುದು ಅಂತ ಗೋಡೆ ಹೊರಗೆ ಹಾಕು ಅಂದೆ. ಅವನು ಬೇಡ ತಾಯಿ, ಕಾನೂನು ಒಪ್ಪಲ್ಲ ಅಂದ. ಇಷ್ಟು ಬಟ್ಟೆ ಬಿಸಾಡಿದರೆ ನನ್ನ ಕೈ ಬಿದ್ದುಹೋಗುತ್ತೆ ಅಂದೆ."

ಯಜಮಾನರು ಊರಿಂದ ಬಂದು ಸ್ಕೂಟರಿನ ಜಾಗವೆಲ್ಲಿ ಎಂದು ಗುಡುಗಿದಾಗ ಇವರ ಬಾಯಿಂದ ಬಂದದ್ದು, 'ಮೇಸ್ತ್ರಿ ಅಳತೆ ತಪ್ಪಿದ.' ಯಜಮಾನರು ಅದನ್ನು ಬೀದಿಗೆಲ್ಲ ಸಾರಿದರು. ಅಂದಿನಿಂದ ಅವನಿಗೆ ಟೇಪು ತಪ್ಪಿದ ಮೇಸ್ತ್ರಿ ಎಂದೇ ಹೆಸರು. ನಮ್ಮ ಬೀದಿಯಲ್ಲಿ ಆಮೇಲೆ ಹನ್ನೆರಡು ಮನೆ ಎದ್ದವು. ಒಂದಕ್ಕೂ ಅವನನ್ನು ಕರೆಯಲಿಲ್ಲ.

"ಬಿಸಿ ತುಪ್ಪ ಆಗಿದೆ ಅಕ್ಕಾ, ನುಂಗೋಕಾಗಲ್ಲ, ಉಗುಳೋಕಾಗಲ್ಲ."

ನಾನು ದೀಪದ ಕಡೆ ನೋಡಿದೆ. ಅವರೂ ನೋಡಿದರು.

ಮರುದಿನ ಮಧ್ಯಾಹ್ನ ಇಂಜಿನಿಯರು ಮತ್ತೆ ಬಂದಿದ್ದ, ನಾನೂ ಗುಂಡಿ ಹಾಕುತ್ತ ಕೂತಿದ್ದೆ, ಆಗ ಮೇಸ್ತ್ರಿ ಬಂದ. ತಲೆ ಪೂರಾ ಬಿಳಿ. ಗೇಟಿನ ಚಿಲಕವನ್ನು ಎರಡು ಕೈಯಲ್ಲಿ ಎತ್ತಿದ, ಯಾರೂ ಹೇಳಿಕೊಟ್ಟಿರಲಿಲ್ಲ. ಮಲಗಿದ್ದ ಹುಡುಗಿಯನ್ನು ಕಂಡು ತಗ್ಗಿದ ದನಿಯಲ್ಲೇ ಇಂಜಿನಿಯರಿಗೆ ಉತ್ತರ ಕೊಟ್ಟ.

"ಕಂಬಕ್ಕೆ ಐದಡಿ ಪಾಯ ಇದೆ ಸ್ವಾಮಿ. ಸೂರಿನ ಭಾರ ಎಲ್ಲ ಅದರ ಮೇಲೆ. ಹೊರಗಿನ ಗೋಡೆ ಬರೀ ಮರೆ. ಮುಂದೆ ಒಂದು ದಿನ ತೆಗೆಯೋ ಹಂಗಿರಲಿ ಅಂತ ಹಂಗೆ ಮಾಡಿದೆ. ಆಚೆ ಚಾಚಿರೋ ಮೂರಡಿ ಸೂರು ಕತ್ತರಿಸಿದರೂ ಮನೆಗೆ ಏನಾಗಲ್ಲ. ಮೇಲೆ ಒಂದಲ್ಲ, ಎರಡು ಕೋಣೆ ತಡೆಯುತ್ತೆ."

ಇಂಜಿನಿಯರು ತಲೆದೂಗಿದ. ಯಜಮಾನರು ಕಂಬ ಹಿಡಿದು ನಿಂತಿದ್ದರು. "ಏನಂತೆ?" ಇಂಜಿನಿಯರು ಕೂಗಿ ಹೇಳಿದ. ಯಜಮಾನರು ಮೇಸ್ತ್ರಿಯ ಕಡೆ ತಿರುಗಿದರು.

"ಹಂಗಾದರೆ ಅಳತೆ ಸರಿ ಇತ್ತಲ್ಲಯ್ಯ! ಸರಿ ಇದ್ದಮೇಲೆ ಗೋಡೆ ಯಾಕೆ ಹೊರಗೆ ಹಾಕ್ದೆ?"

ಮೇಸ್ತ್ರಿ ನೆಲ ನೋಡಿದ.

"ನಾನೇ ಹೇಳಿದ್ದು," ಅಂದರು ಟೈಲರಮ್ಮ.

"ಏನು?"

"ನಾನೇ ಹಾಕಿಸಿದ್ದು ರೀ."

"ಜೋರಾಗಿ ಹೇಳೇ! ಗೊಣಗಬೇಡ."

ಟೈಲರಮ್ಮ ಮಲಗಿದ್ದ ಮಗಳನ್ನು ನೋಡಿದರು, ತೆರೆದ ಕಿಟಕಿಯನ್ನು ನೋಡಿದರು. ಎದುರು ಕಾಯಿಪಲ್ಯದ ಗಾಡಿಯ ಬಳಿ ಬೀದಿಯ ನಾಲ್ಕೈದು ಹೆಂಗಸರು ನಿಂತಿದ್ದರು. ಕೈಯಲ್ಲಿದ್ದ ರವಿಕೆಯನ್ನು ಮಡಿಸಿ ಕೆಳಗಿಟ್ಟು ಎದ್ದು ನಿಂತರು.

"ಗೋಡೆ ಹೊರಗೆ ಹಾಕು ಅಂದವಳು ನಾನು! ಮೇಸ್ತ್ರಿ ಬೇಡ ಅಂದಿದ್ದ! ನಿಮಗೆ ಹೆದರಿ ಸುಳ್ಳು ಹೇಳಿದೆ! ಅವನ ಅಳತೆ ಯಾವತ್ತೂ ತಪ್ಪಿಲ್ಲ!"

ಆ ಮನೆಯಲ್ಲಿ ಹಗಲಿನಲ್ಲಿ ಅವರ ದನಿಯನ್ನು ನಾನು ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು. ಮಗಳು ಎದ್ದು ಕೂತು, ಕೂದಲು ಹಿಂದೆ ಸರಿಸಿ, ಅಮ್ಮನನ್ನೇ ನೋಡುತ್ತಿದ್ದಳು. ಹೊರಗೆ ತೂಕ ಹಾಕುತ್ತಿದ್ದ ಗಾಡಿಯವನು ತಕ್ಕಡಿ ಹಿಡಿದೇ ನಿಂತಿದ್ದ.

ಯಜಮಾನರು ಬಯ್ಯುತ್ತಾರೆ ಅಂದುಕೊಂಡಿದ್ದೆ. ಅವರು ಮೇಸ್ತ್ರಿಗೆ ಕುರ್ಚಿ ಎಳೆದು ಹಾಕಿ, ಕೋಣೆಗೆ ಹೋಗಿ ಟಿ.ವಿ. ಆರಿಸಿದರು. ಮೇಸ್ತ್ರಿ ಕೂರಲಿಲ್ಲ. "ಗೆರೆ ಹಾಕೋಕೆ ಏನಾದರೂ ಕೊಡಿ ತಾಯಿ," ಅಂದ. ಟೈಲರಮ್ಮ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ ಕೊಟ್ಟರು. ಅವನು ಮಂಡಿಯೂರಿ ಒಂದು ಕಂಬದಿಂದ ಇನ್ನೊಂದು ಕಂಬದವರೆಗೆ ನೇರವಾಗಿ ಗೆರೆ ಎಳೆದ. ಹೊಸ ಗೋಡೆ ಬರುವುದು ಅಲ್ಲಿ. ಮಿಷನ್ನು, ಮೇಜು, ಕಪಾಟು, ಮೂರೂ ಗೆರೆಯ ಆಚೆ ಉಳಿದವು.

"ಮೇಲೆ ನನಗೆ ಕೋಣೆ ಬಂದರೆ ನಿನ್ನ ಮಿಷನ್ ಎಲ್ಲಿಡ್ತೀಯಮ್ಮಾ?" ಅಂದಳು ಮಗಳು.

ಟೈಲರಮ್ಮ ನಡುಮನೆಯನ್ನು ಒಂದು ಸುತ್ತು ನೋಡಿದರು. ಈಚೆ ಉಳಿದದ್ದು ಮಗಳ ಹಾಸಿಗೆ ಹಾಸುವಷ್ಟು, ಬಾಗಿಲು ತೆರೆಯುವಷ್ಟು. "ನೋಡೋಣ," ಅಂದರು.

ಇದ್ದ ದುಡ್ಡು ಗೋಡೆ ಒಡೆಯಲು ಸಾಕು, ಕೋಣೆಗೆ ಸಾಲದು. ಕೋಣೆಗೆ ಸಾಕು ಅಂದುಕೊಂಡರೆ ಗೋಡೆ ಒಡೆಯದೆ ಅನುಮತಿ ಇಲ್ಲ. ಒಂದನೇ ತಾರೀಖು ಯಾರಿಗೂ ಕಾಯಲಿಲ್ಲ. ಮಗಳು ಒಂದು ಸೂಟ್‌ಕೇಸು, ಒಂದು ದಿಂಬು ತೆಗೆದುಕೊಂಡು ಹಾಸ್ಟೆಲಿಗೆ ಹೋದಳು. ನಾಲ್ಕನೇ ಮನೆಯವರು ತಮ್ಮ ಕಾಂಪೌಂಡು ಎತ್ತರಿಸಲು ಮೇಸ್ತ್ರಿಯನ್ನು ಕರೆದರು, ಅದೊಂದು ಸಮಾಧಾನ.

ಈಗ ಟೈಲರಮ್ಮ ಹಗಲೆಲ್ಲ ಮಿಷನ್ ತುಳಿಯಬಹುದು. ತಡೆಯುವವರಿಲ್ಲ. ನಿನ್ನೆ ಹೋಗಿದ್ದೆ. ನೀಲಿ ಗೆರೆ ಹಾಗೇ ಇತ್ತು, ಅದರ ಆಚೆ ಈಚೆ ಮಾತ್ರ ಗುಡಿಸಿದ್ದರು. ಮೂಲೆಯ ಹಾಸಿಗೆ ಖಾಲಿ. ಗಂಟೆ ಹನ್ನೆರಡಾಗಿತ್ತು. ಅವರು ಗೆರೆಯ ಈಚೆ ನೆಲದ ಮೇಲೆ ಕೂತು ಕೈಯಲ್ಲಿ ಅಂಚು ಹೊಲಿಯುತ್ತಿದ್ದರು.

"ಬನ್ನಿ ಅಕ್ಕಾ," ಅಂದರು, ಪಿಸುಮಾತಿನಲ್ಲಿ.