ಒಂದೇ ಐರಿಷ್ ನಾಟಕದ ಹದಿನಾಲ್ಕು ಪ್ರತಿಗಳು

ಮೂರು ವರ್ಷಗಳ ಹಿಂದೆ ನಾನು ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ ಒಂದು ಖಾಸಗಿ ಆರ್ಕೈವ್‌ನ ಕಿರಿಯ ಉದ್ಯೋಗಿಯಾಗಿದ್ದೆ. ಕೊಲ್ಲಿಗೆ ದುಡಿಯಲು ಬಂದ ಬೇರೆ ಬೇರೆ ದೇಶದವರ ಸಂಘಗಳ ಕಾಗದಪತ್ರ ಕಾಪಿಡುವುದು ಆ ಸಂಸ್ಥೆಯ ಕೆಲಸ. ನನ್ನ ಪಾಲಿನದು ‘ಅಪ್ರೇಸಲ್’. ಅಂದರೆ, ಬಂದ ಪೆಟ್ಟಿಗೆಯಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಕಾರಣಸಹಿತ ಬರೆದುಕೊಡುವುದು. ಮೈಸೂರಿನ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ತಂಡದಲ್ಲಿದ್ದವಳು ನಾನು. ‘ಬೇಡ’ ಎನ್ನುವುದಕ್ಕೆ ಕಾರಣ ಹುಡುಕುವುದು ನನಗೆ ಊಟ ಮಾಡಿದಷ್ಟು ಸಲೀಸು.

ಆ ಬೇಸಿಗೆಯ ಆರಂಭದಲ್ಲಿ ನೋರಾ ಎಂಬ ಐರಿಷ್ ಶಿಕ್ಷಕಿ ಒಂಬತ್ತು ಪೆಟ್ಟಿಗೆ ತಂದಿಳಿಸಿದರು. ಮೂವತ್ತು ವರ್ಷ ಇಲ್ಲಿನ ಶಾಲೆಗಳಲ್ಲಿ ಪಾಠ ಹೇಳುತ್ತಲೇ ಅವರು ಒಂದು ಪುಟ್ಟ ತಂಡ ಕಟ್ಟಿ, ವರ್ಷಕ್ಕೊಮ್ಮೆ ಐರಿಷ್ ಭಾಷೆಯಲ್ಲಿ ನಾಟಕ ಆಡಿಸಿದ್ದರು. ಐರಿಷ್ ಎಂದರೆ ಐರ್ಲೆಂಡಿನವರು ಆಡುವ ಇಂಗ್ಲಿಷ್ ಅಲ್ಲ, ಅದು ಬೇರೆಯೇ ಭಾಷೆ. ಅವರ ದೇಶದಲ್ಲೂ ದಿನನಿತ್ಯ ಅದನ್ನಾಡುವವರು ಕಡಿಮೆ. ನೋರಾಗೆ ನಿವೃತ್ತಿಯಾಗಿತ್ತು. ವೀಸಾ ಮುಗಿಯುವ ಮುನ್ನ, ಎರಡು ವಾರದಲ್ಲಿ, ಊರಿಗೆ ಮರಳಬೇಕಿತ್ತು. ಅಲ್ಲಿ ತಂಗಿಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಈ ಪೆಟ್ಟಿಗೆಗಳಿಗೆ ಜಾಗವಿರಲಿಲ್ಲ. ನಾವು ಬಿಟ್ಟದ್ದೆಲ್ಲ ಕಸಕ್ಕೆ.

“ಈ ಮರಳಲ್ಲಿ ಕೂತು ಐರಿಷ್ ನಾಟಕ ಯಾರು ಓದ್ತಾರೆ ಸರ್?” ಎಂದು ನಮ್ಮ ಮುಖ್ಯಸ್ಥರಾದ ಉಡುಪಿಯ ಕಾಮತರನ್ನು ಕೇಳಿದೆ.

“ಅಪೂರ್ವ, ನಿಮ್ಮದು ಪೆಟ್ಟಿಗೆ ತೆರೆಯುವ ಮೊದಲೇ ತೀರ್ಪು ಮಾರಾಯ್ರೆ,” ಎಂದರು ಅವರು.

ತೆರೆದೆ. ಭಿತ್ತಿಪತ್ರಗಳು, ಫೋಟೋಗಳು, ಎರಡು ಕ್ಯಾಸೆಟ್. ಹಿಂದೆಂದೋ ಒಂದು ಬೇಸಿಗೆಯಿಡೀ ಯಾರದೋ ಕಾರಿನಲ್ಲಿ ಬಿದ್ದಿದ್ದ ಆ ಕ್ಯಾಸೆಟ್‌ಗಳು ಬಿಸಿಲಿಗೆ ಸೊಟ್ಟಗಾಗಿದ್ದವು, ಅವುಗಳಿಂದ ದನಿ ಹೊರಡಲಿಲ್ಲ. ಉಳಿದಂತೆ ಮೂರು ಪೆಟ್ಟಿಗೆಯ ತುಂಬ ಒಂದೇ ನಾಟಕದ ಹದಿನಾಲ್ಕು ಪ್ರತಿಗಳು. ನೋರಾ ತಾವೇ ಬರೆದು, ಮತ್ತೆ ಮತ್ತೆ ಆಡಿಸಿದ ನಾಟಕ ಅದು. ನಮ್ಮ ನಿಯಮ ಸರಳ: ಒಂದೇ ಪಠ್ಯದ ಹಲವು ಪ್ರತಿಗಳಿದ್ದರೆ ಅತ್ಯಂತ ಶುಭ್ರವಾದುದನ್ನು ಇಟ್ಟುಕೊಂಡು ಉಳಿದವನ್ನು ಬಿಡಬೇಕು. ಕಲೆಯಿಲ್ಲದ, ಮೂಲೆ ಮಡಚದ ಒಂದನ್ನು ಆರಿಸಿದೆ.

ಕೊಟ್ಟವರನ್ನೂ ಕೂರಿಸಿಕೊಂಡು ನಡೆಸುವ ಅಪ್ರೇಸಲ್ ಸಭೆಯಲ್ಲಿ ನೋರಾ, “ಅವೆಲ್ಲ ಒಂದೇ ಅಲ್ಲ,” ಎಂದರು.

“ಪಠ್ಯದಲ್ಲಿ ಒಂದು ಸಾಲಾದರೂ ವ್ಯತ್ಯಾಸ ಇದೆಯೇ?”

“ಪಠ್ಯದಲ್ಲಿ ಇಲ್ಲ.”

“ಹಾಗಾದರೆ ನನ್ನ ಪ್ರಶ್ನೆ ಮುಗಿಯಿತು,” ಎಂದು ಕುಳಿತೆ. ಅವರು ತಲೆ ತಗ್ಗಿಸಿ ಬ್ಯಾಗಿನ ಜಿಪ್ ಎಳೆದರು. ಗೆದ್ದ ಖುಷಿಯಲ್ಲಿ ಅದು ನನಗೆ ದೊಡ್ಡದಾಗಿ ಕಾಣಲಿಲ್ಲ.

ಹದಿಮೂರು ಪ್ರತಿಗಳು ಬೂದು ಡಬ್ಬಿಗೆ ಹೋದವು. ಸೋಮವಾರ ಕಾಗದ ಕತ್ತರಿಸುವ ಕಂಪನಿಯ ವ್ಯಾನ್ ಬರುವುದಿತ್ತು. ಬಿಡುವ ಪ್ರತಿಯೊಂದರ ಪುಟಗಳನ್ನೂ ಎಣಿಸಿ ಪಟ್ಟಿ ಮಾಡಬೇಕೆಂಬ ಇನ್ನೊಂದು ನಿಯಮ ಇರದೇ ಹೋಗಿದ್ದರೆ ಈ ಬರಹವೂ ಇರುತ್ತಿರಲಿಲ್ಲ. ಗುರುವಾರ ಎಣಿಸುತ್ತಾ ಏಳನೆಯ ಪ್ರತಿ ತೆರೆದವಳು ಅಲ್ಲೇ ನಿಂತೆ. ಮುದ್ರಿತ ಐರಿಷ್ ಸಾಲುಗಳ ಮೇಲೆ ಪೆನ್ಸಿಲಿನಲ್ಲಿ, ದುಂಡಗೆ, ಕನ್ನಡ ಅಕ್ಷರಗಳು. ಅರ್ಥವೇ ಇಲ್ಲದ ಕನ್ನಡ. ರಕ್ಷಾಪುಟದಲ್ಲಿ ಒಂದರ ಕೆಳಗೊಂದು ಐದು ಹೆಸರು. ನಾಲ್ಕು ಹೊಡೆದುಹಾಕಿದವು, ಕೊನೆಯದು ಮಾತ್ರ ಉಳಿದಿತ್ತು: ಹಿಲ್ಡಾ.

ಬರೀ ಮೂಲೆ ತಿರುವಿ ಎಣಿಸಿದ್ದ ಆರನ್ನೂ, ಉಳಿದವನ್ನೂ ಬಿಡಿಸಿ ನೋಡಿದೆ. ಒಂದರಲ್ಲಿ ಮಲಯಾಳಂ, ಇನ್ನೊಂದರಲ್ಲಿ ಅರಬ್ಬಿ. ಎಲ್ಲೆಡೆ ಬಾಣಗುರುತು, ‘ಇಲ್ಲಿ ಉಸಿರು ತಗೋ’, ‘ಬಾಗಿಲ ಕಡೆ ನೋಡಬೇಡ’. ಎಲ್ಲದರ ಮೇಲೂ ಹೊಡೆದುಹಾಕಿದ ಹೆಸರುಗಳು.

ನೋರಾ ಕೊಟ್ಟ ಹಳೆಯ ಸದಸ್ಯರ ಪಟ್ಟಿಯಲ್ಲಿ ಹಿಲ್ಡಾರ ನಂಬರ್ ಇತ್ತು. ದುಬೈನ ಅಲ್ ಮುರಕ್ಕಬಾತಿನಲ್ಲಿದ್ದ ಮಂಗಳೂರಿನ ನರ್ಸ್. ಆಗಲೇ ಫೋನ್ ಮಾಡಿದೆ.

“ಮೇಡಂ, ನಿಮಗೆ ಐರಿಷ್ ಬರ್ತಿತ್ತಾ?”

“ಮೇಡಂ ಎಂತದು, ಆಂಟಿ ಅನ್ನು. ಐರಿಷಾ? ಅರಬರು ಹೇಳುವ ಹಾಗೆ, ಮಾಫಿ! ಒಂದಕ್ಷರ ಇಲ್ಲ. ಪಾರ್ಟು ಮಾಡ್ತಿದ್ದ ಹುಡುಗಿಯ ವೀಸಾ ಕ್ಯಾನ್ಸಲ್ ಆಯ್ತು. ಯಾರು ಊರಿಗೆ ಹೋದ್ರೂ ಅವರ ಪುಸ್ತಕ ಮುಂದಿನವರಿಗೆ. ಹಾಗೆ ನನಗೆ ಬಂತು. ನೋರಾ ಬಾಯಲ್ಲಿ ಹೇಳಿದ್ದು, ನಾನು ಬರ್ಕೊಂಡದ್ದು.”

“ಕನ್ನಡದಲ್ಲಿ ಯಾಕೆ ಆಂಟಿ?”

“ಇದೊಳ್ಳೆ ಕತೆ! ನಾವು ಕೊಂಕಣಿಯನ್ನೇ ಕನ್ನಡ ಅಕ್ಷರದಲ್ಲಿ ಬರೆಯುವುದು. ಇಗರ್ಜಿಯ ಪ್ರಾರ್ಥನೆ ಪುಸ್ತಕವೂ ಹಾಗೇ. ಐರಿಷಿಗೆ ಎಂತ ದಾಡಿ? ಮೊದಲು ಇಂಗ್ಲಿಷಲ್ಲಿ ಬರ್ಕೊಂಡೆ, ದ ಹೇಳುವಲ್ಲಿ ಡ ಹೇಳ್ತಿ ಅಂತ ನೋರಾ ಬೈದ್ರು. ಕನ್ನಡದಲ್ಲಿ ಎರಡೂ ಉಂಟಲ್ಲ!”

ಅಷ್ಟಕ್ಕೇ ಕರಗಿಬಿಡುವ ಸ್ವಭಾವ ನನ್ನದಲ್ಲ. ಭಾಷೆ ಬಾರದವರು ಗೀಚಿಕೊಂಡದ್ದು ಯಾವ ಪುರಾವೆ? ಪರೀಕ್ಷೆ ಮಾಡಿಯೇ ನೋಡಬೇಕಿತ್ತು. ಶುಕ್ರವಾರ ಬೆಳಿಗ್ಗೆ ನೋರಾ ದಾನಪತ್ರಕ್ಕೆ ಸಹಿ ಹಾಕಲು ಬಂದರು. ಏನನ್ನೂ ವಿವರಿಸದೆ, ಏಳನೆಯ ಪ್ರತಿಯ ನಡುವಿನ ಒಂದು ಪುಟ ತೆರೆದು, ಕನ್ನಡದಲ್ಲಿ ಬರೆದಿದ್ದಂತೆಯೇ ಓದಿದೆ:

“ನಾ ದೂನ್ ಅನ್ ದೊರಸ್.”

ನೋರಾರ ಪೆನ್ನು ನಿಂತಿತು. ತಲೆಯೆತ್ತಿ, ನನ್ನನ್ನಲ್ಲ, ನನ್ನ ಹಿಂದಿನ ಬಾಗಿಲನ್ನು ನೋಡುತ್ತಾ ಒಂದು ಉದ್ದ ಸಾಲು ಹೇಳಿದರು. ನಾನು ಬೆರಳಿಟ್ಟು ನೋಡಿದೆ. ಪುಸ್ತಕದಲ್ಲಿ ಮುಂದಿನ ಮಾತು ಅದೇ.

“ಬಾಗಿಲು ಮುಚ್ಚಬೇಡ ಅಂತ ನಾಟಕದಲ್ಲಿ ಮಗಳು ಹೇಳೋದು,” ಎಂದರು, ಇಂಗ್ಲಿಷಿನಲ್ಲಿ. “ನಮ್ಮೂರಲ್ಲಿ ಇದರ ಉಚ್ಚಾರ ಹೀಗೇ. ಈಗ ಹಾಗೆ ಹೇಳೋರು ಅಲ್ಲೂ ಕಡಿಮೆ.” ಆಮೇಲೆ ಮೂಗಿನ ತುದಿಗೆ ಕನ್ನಡಕ ಇಳಿಸಿ, “ನಿನ್ನ ಇಂಗ್ಲಿಷಿಗಿಂತ ನಿನ್ನ ಐರಿಷೇ ವಾಸಿ, ಹುಡುಗಿ.”

“ಸಭೆಯಲ್ಲಿ ಇದನ್ನು ಹೇಳಬಹುದಿತ್ತಲ್ಲ?”

“ನೀನು ಕೇಳಿದ್ದು ಪಠ್ಯದ ಬಗ್ಗೆ. ಜನರ ಬಗ್ಗೆ ಕೇಳಲಿಲ್ಲ.”

ಆಗ ಹೊಳೆಯಿತು: ಹದಿನಾಲ್ಕರಲ್ಲಿ ಯಾರೂ ಕೈಯಲ್ಲಿ ಹಿಡಿದು ನಟಿಸದ ಒಂದೇ ಪ್ರತಿ ಇತ್ತು. ಶುಭ್ರವಾಗಿದೆ ಎಂದು ನಾನು ಉಳಿಸಿಕೊಂಡದ್ದು ಅದನ್ನೇ.

ಶುಕ್ರವಾರ ನಮಗೆ ಅರ್ಧ ದಿನ; ಮಧ್ಯಾಹ್ನ ಕಚೇರಿ ಮುಚ್ಚುವುದರೊಳಗೆ ಹೊಸ ವರದಿ ಕೊಟ್ಟೆ. ಮೊದಲ ಸಾಲು: ‘ನನ್ನ ಹಿಂದಿನ ಶಿಫಾರಸು ತಪ್ಪು.’ ಚರ್ಚಾವೇದಿಕೆಯಲ್ಲಿ ಒಮ್ಮೆಯೂ ಆಡದ ಮಾತು.

ಕಾಮತರು ಓದಿ, “ಜಾಗ ಎಲ್ಲಿಂದ ತರ್ತೀರಿ? ನಿಮಗೆ ಕೊಟ್ಟದ್ದು ಎರಡು ಶೆಲ್ಫ್,” ಎಂದರು.

“ಭಿತ್ತಿಪತ್ರಗಳಲ್ಲಿ ನಿಜವಾದ ನಕಲುಗಳಿವೆ ಸರ್. ಅವನ್ನು ಬಿಡಬಹುದು.”

“ನಿಜವಾದ ಅಂದ್ರೆ?”

“ಒಂದೊಂದರ ಹಿಂಬದಿಯನ್ನೂ ತಿರುಗಿಸಿ ನೋಡಿದ್ದೇನೆ.”

ಅವರು ನಕ್ಕು ಸಹಿ ಹಾಕಿದರು. ಸೋಮವಾರದ ವ್ಯಾನ್ ಬಂದಾಗ ನೋರಾರ ಡಬ್ಬಿಯಲ್ಲಿ ಇದ್ದದ್ದು ಭಿತ್ತಿಪತ್ರಗಳಷ್ಟೇ. ಮರುವಾರ ಅವರು ಎರಡು ಸೂಟ್‌ಕೇಸಿನೊಂದಿಗೆ ವಿಮಾನ ಹತ್ತಿದರು.

ನಿಯಮದ ಮೇಲೆ ನನಗೀಗಲೂ ಸಿಟ್ಟಿಲ್ಲ. ಎಲ್ಲವನ್ನೂ ಇಟ್ಟುಕೊಳ್ಳುತ್ತೇವೆ ಎನ್ನುವ ಆರ್ಕೈವ್ ಗೋದಾಮಾಗುತ್ತದೆ ಎಂದು ಇಂದಿಗೂ ವಾದಿಸುತ್ತೇನೆ. ಆದರೆ ವಾದಿಸುವ ಮೊದಲು ಪೆಟ್ಟಿಗೆಯಲ್ಲಿ ಅತ್ಯಂತ ಕೊಳಕಾದ ಪ್ರತಿ ಯಾವುದೆಂದು ಹುಡುಕಿ ಅದನ್ನು ತೆರೆಯುತ್ತೇನೆ. ಹೆಚ್ಚು ಕೈಗಳು ಮುಟ್ಟಿರುವುದು ಅದನ್ನೇ. ಆ ನಾಟಕಕ್ಕೆ ನಮ್ಮ ಕ್ಯಾಟಲಾಗಿನಲ್ಲಿ ಈಗ ಒಂದಲ್ಲ, ಹದಿನಾಲ್ಕು ನಮೂದುಗಳಿವೆ. ಏಳನೆಯದು ಹೀಗಿದೆ: ಭಾಷೆ, ಐರಿಷ್. ಲಿಪಿ, ಕನ್ನಡ. ಬಳಸಿದವರು, ಐವರು.